ನಲವತ್ತು ದಿನದ ಬಿಸಿನೀರು

ಸಿರಸಂಗಿ,
ಡಿಸೆಂಬರ್ ೨೨

ಚಿ. ಸೌ. ಶೈಲಶ್ರೀಗೆ ನಿನ್ನ ಅವ್ವ ಸುಂದರವ್ವನ ಆಶೀರ್ವಾದ. ನಾನೂ ನಿನ್ನ ಅಪ್ಪನೂ ಚೆನ್ನಾಗಿದ್ದೇವೆ. ನೀನೂ ನಿನ್ನ ಹೊಟ್ಟೆಯಲ್ಲಿರುವ ಕೂಸೂ ಚೆನ್ನಾಗಿರಬೇಕು. ಉಳಿದವರ ಕ್ಷೇಮ ನಾನು ಕೇಳುವುದಿಲ್ಲ, ಅವರು ಚೆನ್ನಾಗಿಯೇ ಇದ್ದಾರೆಂದು ನನಗೆ ಗೊತ್ತು.

ಫೋನಿದ್ದೂ ಕಾಗದ ಯಾಕೆ ಬರೆದಳು ಅನ್ನುತ್ತೀ. ಫೋನ್ ಮಾಡಿದರೆ ನೀನು ಸ್ಪೀಕರ್ ಹಚ್ಚಿ ಪಕ್ಕಕ್ಕೆ ಇಡುತ್ತೀ. ನಾನು ಎರಡು ಮಾತು ಆಡುವಷ್ಟರಲ್ಲಿ ಆ ಕಡೆಯಿಂದ ನಿಮ್ಮತ್ತೆ ಮಹಾನಂದಾ ‘ಆರಾಮ ಅದೀರೇನ್ರಿ ಬೀಗತ್ಯಾರ’ ಅನ್ನುತ್ತಾಳೆ. ಆಮೇಲೆ ನಾನು ಚಳಿ, ಜೋಳ, ಎಮ್ಮೆ ಅಂತ ಏನೋ ಮಾತಾಡಿ ಇಡಬೇಕು. ಏಳನೇ ಇಯತ್ತೆವರೆಗೆ ಕಲಿತ ಅಕ್ಷರ ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. ಇದನ್ನು ನೀನೊಬ್ಬಳೇ ಓದು.

ಅಳಿಯಂದಿರು ಕಳಿಸಿದ ಲೆಕ್ಕದ ಹಾಳೆಯಿಂದಲೇ ಶುರು ಮಾಡುತ್ತೇನೆ. ಸೊಸೈಟಿಯಲ್ಲಿ ಕ್ಲಾರ್ಕ್ ಆಗಿರುವವರು, ಲೆಕ್ಕ ಅವರ ಹೊಟ್ಟೆಪಾಡು, ಒಪ್ಪುತ್ತೇನೆ. ನಿನ್ನ ಅಪ್ಪ ಅದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನನಗೆ ಎರಡು ಸಲ ಓದಿ ಹೇಳಿದರು. ಬಾಣಂತನ ನಲವತ್ತು ದಿನ. ಸಿರಸಂಗಿಯಲ್ಲಾದರೆ ನೀರು ಕಾಯಿಸಲು ಮೂರು ಸಿಲಿಂಡರ್, ಮೇಲೆ ಒಂದು ಟ್ರ್ಯಾಕ್ಟರ್ ಕಟ್ಟಿಗೆ, ಕೋಣೆ ಬೆಚ್ಚಗಿಡಲು ಆರು ಚೀಲ ಇದ್ದಿಲು, ಎಲ್ಲ ಕೂಡಿ ಹನ್ನೊಂದು ಸಾವಿರದ ಚಿಲ್ಲರೆ. ಬೈಲಹೊಂಗಲದಲ್ಲಾದರೆ ಸೋಲಾರ್ ನೀರಿಗೆ ಸೊನ್ನೆ, ಕೋಣೆಗೆ ಎಣ್ಣೆ ಹೀಟರ್, ಅದರ ಕರೆಂಟಿಗೆ ಎರಡು ಸಾವಿರದ ನಾನೂರು. ಕೆಳಗೆ ಕೆಂಪು ಅಕ್ಷರದಲ್ಲಿ ‘ಬೈಲಹೊಂಗಲವೇ ಅನುಕೂಲ’ ಎಂದಿದೆ. ಅದರ ಕೆಳಗೆ ನೀನು ಕೈಮುಗಿದ ಚಿತ್ರ ಹಾಕಿದ್ದೀ. ಹೀಟರನ್ನು ನಿಮ್ಮತ್ತೆ ಆಗಲೇ ಬೆಳಗಾವಿಯಿಂದ ತರಿಸಿಟ್ಟಿದ್ದಾಳಂತೆ.

ಚೊಚ್ಚಲ ಬಾಣಂತನ ತವರಿನದು. ತವರು ಅಂದರೆ ಸಂತೆಯೇ ಶೈಲಾ, ದರ ಕೇಳಿ ಮುಂದಿನ ಅಂಗಡಿಗೆ ಹೋಗುವುದಕ್ಕೆ?

ನನ್ನ ಬಜೆಟ್ಟನ್ನೂ ಕೇಳು. ದಸರೆಯಿಂದ ದಿನಕ್ಕೆ ಹತ್ತರಂತೆ ಎಂಟುನೂರು ಕುಳ್ಳು ತಟ್ಟಿದ್ದೇನೆ. ಅಡ್ಡಮಳೆಗೆ ಸಿಕ್ಕು ಇನ್ನೂರು ಸೆಗಣಿಯಾಗಿ ಹೋದವು, ಆರುನೂರು ಗಟ್ಟಿಯಾಗಿವೆ. ಹತ್ತಿಕಟ್ಟಿಗೆ ಪಕ್ಕದ ಮನೆಯ ಕೃಷ್ಣವ್ವ ಒಂದು ಬಂಡಿ ಕೊಟ್ಟಿದ್ದಾಳೆ, ನಮ್ಮದು ಒಂದು ಬಂಡಿ ಇದೆ. ತಾಮ್ರದ ಹಂಡೆಗೆ ಸವದತ್ತಿಯಲ್ಲಿ ಹೊಸ ತಳ ಹಾಕಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಮಗುಚಿ ಇಟ್ಟಿದ್ದೇನೆ. ಔಡಲ ಎಣ್ಣೆ ಮನೆಯಲ್ಲೇ ಕುದಿಸಿದ್ದು. ಹೊರಸಿನ ಕೆಳಗಿಡುವ ಕೆಂಡದ ಶೇಗಡಿಗೆ ಕೆಮ್ಮಣ್ಣು ಮೆತ್ತಿಯಾಯಿತು. ರೊಕ್ಕ ಅಂತ ಬರೆಯಲು ನನ್ನ ಪಟ್ಟಿಯಲ್ಲಿ ಏನೂ ಇಲ್ಲ. ಹಂಡೆಯ ತಳಕ್ಕೆ ಎಂಟುನೂರು ಹೋಯಿತು, ಅದು ಎಮ್ಮೆಯ ಹಾಲಿನದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ನಿನಗೆ ಇಷ್ಟು ವರ್ಷ ಹೇಳದ ಒಂದು ಮಾತಿದೆ. ನನ್ನ ಅವ್ವ ಕರೆವ್ವ ನಾನು ಹನ್ನೊಂದರವಳಿದ್ದಾಗಲೇ ತೀರಿಕೊಂಡಳು. ಹೀಗಾಗಿ ನನ್ನನ್ನು ಬಾಣಂತನಕ್ಕೆ ಕರೆದೊಯ್ಯುವವರು ಯಾರೂ ಇರಲಿಲ್ಲ. ಇದೇ ಮನೆಯಲ್ಲಿ, ಇಂಥದೇ ಚಳಿಯಲ್ಲಿ ನಿನ್ನನ್ನು ಹಡೆದೆ. ನನ್ನ ಅತ್ತೆ, ನಿನ್ನ ಅಜ್ಜಿ, ಮೂರು ದಿನ ನೀರು ಹಾಕಿದಳು. ನಾಲ್ಕನೆಯ ದಿನ ‘ದಿನಾ ಹಂಡೆ ನೀರು ಕಾಸಾಕ ನಿಮ್ಮಪ್ಪ ಏನ್ ಕಟಗಿ ಕಳಿಸ್ಯಾನೇನ’ ಅಂದಳು. ಅಲ್ಲಿಂದ ಮುಂದೆ ನಾನೇ ಎದ್ದು ಒಂದು ಕೊಡ ಉಗುರುಬೆಚ್ಚಗಿನ ನೀರು ಸುರಿದುಕೊಂಡೆ. ಈಗಲೂ ಚಳಿ ಬಿದ್ದರೆ ನನ್ನ ಸೊಂಟ ಆ ಅಜ್ಜಿಯನ್ನು ನೆನೆಯುತ್ತದೆ. ಈ ಹುಡುಗಿಯ ಬಾಣಂತನದಲ್ಲಿ ಹಂಡೆಯ ಕೆಳಗಿನ ಬೆಂಕಿ ಆರಗೊಡುವುದಿಲ್ಲ ಎಂದು ಆವತ್ತೇ ಆಣೆ ಮಾಡಿದ್ದೆ. ನಿನಗೆ ಆಗ ನಾಲ್ಕು ದಿನ.

ಅವ್ವನಿಗೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಿರಬೇಕು ನೀನು. ಹೌದು, ಹೊಟ್ಟೆಕಿಚ್ಚೇ. ಈ ಕಿಚ್ಚಿನ ಮೇಲೆ ಹಂಡೆ ಇಟ್ಟರೆ ನಲವತ್ತು ದಿನದ ನೀರು ಕಾಯುತ್ತದೆ, ಅಳಿಯಂದಿರ ಹಾಳೆಯಲ್ಲಿ ಅದನ್ನೂ ಒಂದು ಸಾಲು ಬರೆಸು. ಪಂಚಮಿಗೆ ಬಂದವಳು ನನ್ನ ಕೈಯ ಪುಂಡಿಪಲ್ಯ ಉಂಡು ‘ಅತ್ತಿ ಇದಕ್ಕ ಬಳ್ಳೊಳ್ಳಿ ಒಗ್ಗರಣಿ ಮ್ಯಾಲ ಹಾಕ್ತಾರ’ ಅಂದೆ. ಸೀಮಂತದ ಕುಬಸದ ದಿನ ನಾನು ತಂದ ಹಸಿರು ಇಳಕಲ್ ಸೀರೆಯನ್ನು ಅರ್ಧ ತಾಸು ಉಟ್ಟೆ, ಆಕೆ ಕೊಡಿಸಿದ್ದನ್ನು ಮೂರು ತಾಸು ಉಟ್ಟೆ. ನಾನು ಗಡಿಯಾರ ನೋಡಿದ್ದೇನೆ. ಹೊರಡುವಾಗ ‘ಅವ್ವಾ, ನಮ್ಮ ಮನಿಗೆ ಹೋಗಿ ಫೋನ್ ಮಾಡ್ತೀನಿ’ ಅಂದೆ. ನಮ್ಮ ಮನೆ ಅಂದರೆ ಯಾವುದು ಎಂದು ಬಸ್ಸು ಹೋದ ಮೇಲೂ ನಿಂತು ಯೋಚಿಸಿದೆ.

ಈಗ ಆ ಹೀಟರಿನ ವಿಷಯ. ಎಣ್ಣೆ ಹೀಟರ್ ಅಂದರೆ ಏನೆಂದು ಕೃಷ್ಣವ್ವನನ್ನು ಕೇಳಿದೆ. ಎಲ್ಲ ತಿಳಿದವಳ ಹಾಗೆ ‘ದೀಪ ಇದ್ದಂಗ ಇರತೈತಿ, ಎಣ್ಣಿ ಹಾಕಿದಷ್ಟು ಉರಿಯತೈತಿ’ ಅಂದಳು. ನನಗೆ ತಟ್ಟನೆ ಹೊಳೆಯಿತು. ಅಳಿಯಂದಿರು ಕರೆಂಟು ಬರೆದಿದ್ದಾರೆ, ಎಣ್ಣೆಯ ಬೆಲೆ ಎಲ್ಲಿ ಬರೆದಿದ್ದಾರೆ? ದಿನಕ್ಕೆ ಅರ್ಧ ಲೀಟರ್ ಹಿಡಿದರೂ ನಲವತ್ತು ದಿನಕ್ಕೆ ಇಪ್ಪತ್ತು ಲೀಟರ್. ರೇಶನ್ನಿನ ಚಿಮಣಿ ಎಣ್ಣೆ ನಿಂತು ಎಷ್ಟೋ ವರ್ಷವಾಯಿತು, ಕುಸುಬಿ ಎಣ್ಣೆಯೇ ಸುರಿಯಬೇಕು. ಆವತ್ತು ಎರಡು ರೊಟ್ಟಿ ಹೆಚ್ಚು ಉಂಡೆ. ಸೊಸೈಟಿಯವರ ಲೆಕ್ಕದಲ್ಲಿ ತಪ್ಪು ಹಿಡಿದಿದ್ದೆನಲ್ಲ. ಇಷ್ಟಾದರೂ ಬೀಗತಿಯ ಮುಂದೆ ಬರಿಗೈಯಲ್ಲಿ ನಿಲ್ಲುವುದು ಬೇಡ, ತವರಿನವರು ಎಣ್ಣೆಗೂ ಕೈ ಬಿಗಿಹಿಡಿದರು ಎನ್ನಿಸಿಕೊಳ್ಳುವುದು ಬೇಡ ಎಂದು ಗಾಣದಿಂದ ಐದು ಲೀಟರ್ ಕುಸುಬಿ ಎಣ್ಣೆ ಕ್ಯಾನಿಗೆ ಹಾಕಿಸಿಕೊಂಡೆ.

ನಾನು ನಿಮ್ಮ ಮನೆಗೆ ಬಂದಿದ್ದೆ ಶೈಲಾ. ಹೋದ ಸೋಮವಾರ. ನೀನೂ ಅಳಿಯಂದಿರೂ ದವಾಖಾನೆಗೆ ಹೋಗಿರುತ್ತೀರೆಂದು ಗೊತ್ತಿದ್ದೇ ಬಂದೆ. ನಿನ್ನ ಅಪ್ಪನಿಗೆ ಉಗರಗೋಳಕ್ಕೆ ಹೋಗುತ್ತೇನೆಂದು ಹೇಳಿದ್ದೆ. ಆಧಾರ್ ಕಾರ್ಡು ತೋರಿಸಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಅಡುಗೆಮನೆಯಲ್ಲಿ ಆ ಕ್ಯಾನ್ ನೋಡಿ ಎಲ್ಲಿಯದೆಂದು ನೀನು ಕೇಳಿರಬೇಕು. ಹೇಳಬೇಡಿರಿ ಎಂದು ನಿಮ್ಮತ್ತೆಗೆ ಹೇಳಿದ್ದೆ, ಆಕೆ ಹೇಳಿಲ್ಲವೆಂದು ಕಾಣುತ್ತದೆ.

ಮಹಾನಂದಾ ಬಾಗಿಲು ತೆಗೆದು ಒಂದು ಕ್ಷಣ ನನ್ನನ್ನೂ ಕ್ಯಾನನ್ನೂ ನೋಡಿದಳು. ನಾನು ಚಹಾ ಕುಡಿಯುವ ಮೊದಲೇ ಹೀಟರ್ ತೋರಿಸಿರಿ ಅಂದೆ. ನಿನಗೆಂದು ಸುಣ್ಣ ಹೊಡೆಸಿದ ಕೋಣೆಯಲ್ಲಿ ಬೆಳ್ಳಗೆ, ಪಕ್ಕೆಲುಬು ಎದ್ದ ಎಮ್ಮೆಯ ಕರುವಿನ ಹಾಗೆ ನಿಂತಿತ್ತು. ಎಣ್ಣೆ ಹಾಕುವ ಬಾಯಿ ಎಲ್ಲಿದೆ ಎಂದು ನಾನು ಸುತ್ತ ಕೈಯಾಡಿಸಿದೆ. ಆಕೆ ಮೆತ್ತಗೆ ಹೇಳಿದಳು: ‘ಎಣ್ಣಿ ಒಳಗ ಮುಚ್ಚಿಟ್ಟಿರತಾರ್ರಿ ಬೀಗತ್ಯಾರ. ಅದು ಉರಿಯೂದಿಲ್ಲ, ಮುಗಿಯೂದೂ ಇಲ್ಲ. ಬರೇ ಕಾಯತೈತಿ.’ ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಜಗಳಾಡಿ ಅದೇ ಬಸ್ಸಿಗೆ ತಿರುಗಿ ಹೋಗುತ್ತಿದ್ದೆ.

ನನ್ನ ಕೈಯಿಂದ ಕ್ಯಾನ್ ಇಸಿದುಕೊಂಡು ಮುಚ್ಚಳ ತೆಗೆದು ಮೂಸಿ ನೋಡಿದಳು. ‘ಗಾಣದ್ದು ಭಾಳ ಚಲೋ ಐತ್ರಿ. ಬಸ್ಸಿನ್ಯಾಗ ದಣದೀರಿ, ನಿಮ್ಮ ತಲಿಗೆ ಹಾಕೂಣು ಬರ್ರಿ’ ಅಂದಳು. ಬೇಡವೆಂದೆ. ಆಕೆ ಕೇಳಬೇಕಲ್ಲ. ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಂದಳು, ಬಚ್ಚಲಲ್ಲಿ ಮಣೆ ಹಾಕಿ ಕೂಡಿಸಿದಳು. ನೆತ್ತಿಗೆ ಎಣ್ಣೆ ಬಿಟ್ಟು ಅಂಗೈಯಲ್ಲಿ ತಟ್ಟಿದಳು, ಬೆನ್ನಿಗೆ ತಿಕ್ಕಿದಳು, ಸೊಂಟಕ್ಕೆ ಬಂದಾಗ ನಾನು ಹಾ ಅಂದದ್ದು ಕೇಳಿ ಅಲ್ಲೇ ಇನ್ನಷ್ಟು ಹೊತ್ತು ತಿಕ್ಕಿದಳು. ಆಮೇಲೆ ಬಿಸಿನೀರು ಎರೆದಳು. ಕೊಡದ ಮೇಲೆ ಕೊಡ, ಸಾಕು ಅಂದರೂ ಬಿಡಲಿಲ್ಲ. ನನಗೆ ಐವತ್ತಮೂರು ವರ್ಷ, ನಿನ್ನ ಅಜ್ಜಿಯ ಆ ಮೂರು ದಿನ ಬಿಟ್ಟರೆ ನನ್ನ ಅವ್ವ ಸತ್ತ ಮೇಲೆ ಯಾರೂ ನನಗೆ ಎರೆದಿರಲಿಲ್ಲ. ಮುಖದ ಮೇಲೆ ನೀರು ಇತ್ತಲ್ಲ, ಅತ್ತದ್ದು ಆಕೆಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ.

ಆಕೆಯ ಕೈ ಚೆನ್ನಾಗಿದೆ ಶೈಲಾ. ನನ್ನ ಕೈಗಿಂತ ಚೆನ್ನಾಗಿದೆ. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ತಲೆ ಒರೆಸುತ್ತ ಆಕೆ ಆ ಮಾತು ಹೇಳಿದಳು. ‘ಬೀಗತ್ಯಾರ, ನಿಮಗ ಹೇಳಲಾರದ ನನ್ನ ಹೊಟ್ಟ್ಯಾಗ ನಿಂದರವಲ್ದು. ಶೈಲಾಗ ಬಿ.ಪಿ. ಏರೇತ್ರಿ. ಯಾವಾಗ ಬೇಕಾದ್ರೂ ದವಾಖಾನಿಗೆ ಒಯ್ಯೂ ಹಂಗ ಹತ್ರ ಇರಬೇಕು ಅಂದಾರ ಡಾಕ್ಟರು, ಹಡದ ಮ್ಯಾಲೂ ಕೆಲವು ದಿನ ನೋಡಬೇಕಂತ. ಅವ್ವಗ ಹೇಳಬ್ಯಾಡ್ರಿ, ಹೆದರ್ತಾಳ ಅಂತ ಅಂದಾಳ. ಆ ಲೆಕ್ಕದ ಹಾಳಿ ಬರೇ ನೆವ ಅಷ್ಟ್ರಿ.’

ಹೆದರಿದೆ, ಸುಳ್ಳು ಹೇಳುವುದಿಲ್ಲ. ಕೈಕಾಲು ತಣ್ಣಗಾದವು, ಅಷ್ಟು ಬಿಸಿನೀರು ಎರೆಸಿಕೊಂಡ ಮೇಲೂ. ಆದರೆ ಹೆದರಿಕೆಯ ಹಿಂದೆಯೇ ಇನ್ನೊಂದು ಬಂತು. ಸೋಲಾರ್ ಆಕೆಯದು ಇರಲಿ, ಹೀಟರ್ ಆಕೆಯದು ಇರಲಿ, ನೀನು ಮೂರು ತಾಸು ಉಟ್ಟ ಸೀರೆಯೂ ಇರಲಿ. ನಿನಗೆ ಭಯವಾದಾಗ ಆಕೆಗೆ ಹೇಳಿದೆ, ನನಗೆ ಹೇಳಲಿಲ್ಲ. ಚಿಕ್ಕವಳಿದ್ದಾಗ ಕಾಲಿಗೆ ಮುಳ್ಳು ಚುಚ್ಚಿದರೂ ಬಾಯಿ ಒತ್ತಿ ಹಿಡಿದು ನನ್ನವರೆಗೆ ಓಡಿ ಬಂದ ಮೇಲೆ ಅಳುತ್ತಿದ್ದವಳು ನೀನು. ಅದೊಂದು ನನ್ನನ್ನು ಸುಟ್ಟಿತು. ಇವತ್ತಿಗೂ ಸುಡುತ್ತಿದೆ.

ಆಕೆಗೆ ಬರುತ್ತೇನೆಂದು ಹೇಳಿ ಬಂದೆ. ಮನೆಗೆ ಬಂದಾಗ ನಿನ್ನ ಅಪ್ಪ ‘ಉಗರಗೋಳದಾಗ ಎಣ್ಣಿ ನೀರ ಎರಿತಾರೇನು’ ಎಂದು ಕೇಳಿದರು. ನಾನು ಎಮ್ಮೆ ಹಿಂಡಲು ಹೋದೆ. ರಾತ್ರಿ ಎಲ್ಲ ಹೇಳಿದೆ. ನಿನಗೆ ವಾರವಿಡೀ ಫೋನ್ ಮಾಡದೆ ಇದ್ದದ್ದು ಇದಕ್ಕೇ. ಮಾಡಿದರೆ ಬೈಯುತ್ತಿದ್ದೆ, ಇಲ್ಲವೆ ಅಳುತ್ತಿದ್ದೆ. ನಿನ್ನ ಬಿ.ಪಿ.ಗೆ ಎರಡೂ ಒಳ್ಳೆಯದಲ್ಲ.

ಆದ್ದರಿಂದ ನೀನು ಸಿರಸಂಗಿಗೆ ಬರಬೇಡ. ನಮ್ಮೂರಿಂದ ದೊಡ್ಡ ದವಾಖಾನೆ ದೂರ, ಗಾಡಿ ಸಿಗುವುದರೊಳಗೆ ಏನಾದರೂ ಆದರೆ ನನ್ನ ಆರುನೂರು ಕುಳ್ಳು ತೆಗೆದುಕೊಂಡು ಏನು ಮಾಡಲಿ. ಅಳಿಯಂದಿರ ಹಾಳೆ ಸರಿ ಇದೆ, ಬೈಲಹೊಂಗಲವೇ ಅನುಕೂಲ. ಸಿಟ್ಟಿನಿಂದ ಹೇಳುತ್ತಿಲ್ಲ. ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಆದರೂ ಬರಬೇಡ. ಉಪ್ಪು ಕಡಿಮೆ ತಿನ್ನು. ಉಪ್ಪಿನಕಾಯಿಯ ಭರಣಿ ನಿಮ್ಮತ್ತೆಯ ಕೈಗೆ ಕೊಟ್ಟುಬಿಡು. ಗುಳಿಗೆ ತಪ್ಪಿಸಬೇಡ.

ಹೆತ್ತವಳು ನಾನೇ ಎಂಬುದು ನಿನಗೆ ನೆನಪಿರಲಿ ಎಂದು ಇಲ್ಲಿ ಸಹಿ ಮಾಡುವ,
ನಿನ್ನ ಅವ್ವ
ಸುಂದರವ್ವ

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಅಪ್ಪನೇ ತಂದು ನಿನ್ನ ಕೈಗೆ ಕೊಡುತ್ತಾರೆ. ಜಟ್ಟೆಪ್ಪನ ಟೆಂಪೋ ಹೇಳಿಯಾಗಿದೆ. ಅದರಲ್ಲಿ ತಾಮ್ರದ ಹಂಡೆ, ಆರುನೂರು ಕುಳ್ಳು, ಎರಡು ಬಂಡಿ ಹತ್ತಿಕಟ್ಟಿಗೆಯಲ್ಲಿ ಹಿಡಿಸಿದಷ್ಟು, ಮತ್ತು ನಾನು. ಎಮ್ಮೆಯನ್ನು ಕೃಷ್ಣವ್ವನಿಗೆ ಒಪ್ಪಿಸಿದ್ದೇನೆ. ನಿಮ್ಮ ಹಿತ್ತಲಲ್ಲಿ ಒಲೆ ಹೂಡುತ್ತೇನೆ. ಶೇಗಡಿ ತಂದಿಲ್ಲ, ಹೊಗೆ ಕೂಸಿಗೆ ಆಗುವುದಿಲ್ಲ, ಕೋಣೆಗೆ ಆ ಹೀಟರೇ ಇರಲಿ. ಎಣ್ಣೆ ನಿಮ್ಮತ್ತೆ ತಿಕ್ಕಲಿ, ನೀರು ನನ್ನ ಹಂಡೆಯದು, ಎರೆಯುವವಳು ನಾನು. ಸೋಲಾರ್ ನೀರಿನಲ್ಲಿ ಗಂಡಸರು ಮೀಯಲಿ. ನೀನು ಇದನ್ನು ಓದುವ ಹೊತ್ತಿಗೆ ಟೆಂಪೋ ನಿಮ್ಮ ಓಣಿಯ ತಿರುವಿನಲ್ಲಿ ನಿಂತಿರುತ್ತದೆ, ನಾನು ಇಳಿಯದೆ ಒಳಗೇ ಕೂತಿರುತ್ತೇನೆ. ನಿಮ್ಮತ್ತೆ ಮೊದಲು ಬಂದು ಕರೆದರೆ ಕೇಳಿಸದವಳ ಹಾಗೆ ಇರುತ್ತೇನೆ. ನೀನು ಬಂದು ಕರೆ. ಓಡಬೇಡ. ಮೆಲ್ಲಗೆ ಬಾ, ಎಷ್ಟು ಹೊತ್ತಾದರೂ ಕೂತಿರುತ್ತೇನೆ.