ಶನಿವಾರದ ಕುಣಿತ

ಸೊಲ್ಲಾಪುರ, ಭಾನುವಾರ

ಪ್ರಿಯ ಪ್ರಾಜಕ್ತಾ,

ಫೋನಿನಲ್ಲಿ ಹೇಳಲಾಗದ್ದಕ್ಕೆ ಕಾಗದ ಬರೆಯುತ್ತಿದ್ದೇನೆ. ಡಬ್ಲಿನ್‌ನಿಂದ ನೀನು ಕಳಿಸಿದ ಫೋಟೊ ನೋಡಿದೆ. ಓದಿನ ನಡುವೆ ಶನಿವಾರಕ್ಕೊಮ್ಮೆ ಗೆಳೆಯರೊಂದಿಗೆ ಕುಣಿಯಲು ಹೋಗುವುದು ಒಳ್ಳೆಯದೇ. ನಿನ್ನ ಕೈ ಹಿಡಿದು ಕುಣಿಯುತ್ತಿರುವ ಆ ಎತ್ತರದವನ ಹೆಸರನ್ನು ನೀನು ಬರೆದಿಲ್ಲ. ನಾನೂ ಕೇಳುವುದಿಲ್ಲ.

ಅವ್ವ ಫೋಟೊ ನೋಡಿ, “ನಮ್ಮ ಸೊಸಿ ಇಷ್ಟ ನಗತಾಳಂತ ನನಗ ಗೊತ್ತ ಇರಲಿಲ್ಲ ನೋಡಪಾ” ಅಂದಳು. ನನಗೂ ಗೊತ್ತಿರಲಿಲ್ಲ. ಎರಡು ದಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಚಿಲ್ಲರೆ ತಪ್ಪು ಕೊಟ್ಟೆ.

ಮೂರನೆಯ ದಿನ ವಿಜಾಪುರ ರಸ್ತೆಯ ಡಾನ್ಸ್ ಕ್ಲಾಸಿಗೆ ಸೇರಿದೆ. ಕಲಿಸುವ ಮೇಡಂ, “ಕಾಲ ನೋಡಬ್ಯಾಡ್ರಿ, ಎದುರಿನವರ ಮಾರಿ ನೋಡ್ರಿ” ಅನ್ನುತ್ತಾರೆ. ನನ್ನ ಎದುರಿಗೆ ಯಾರೂ ಇಲ್ಲ.

ನಿಮ್ಮ ಕುಣಿತ ಎಡಗಾಲಿನಿಂದ ಶುರುವಾಗುತ್ತದೋ ಬಲಗಾಲಿನಿಂದಲೋ, ಅದನ್ನಷ್ಟೇ ತಿಳಿಸು.

ನಿನ್ನ
ಓಂಕಾರ