ಕಂಬ ಸರಿಸಿದ ವಾರಗಳು

ಫೆಬ್ರವರಿ ೩೦, ೨೧೯೪
ವಿಜಯಪುರ

ನಕ್ಷೆ ಬಿಡಿಸುವ ಹಿರಿಯರಿಗೆ,

ತಾರೀಖು ತಪ್ಪಾಗಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ, ವರ್ಷದಲ್ಲಿ ಉಳಿಯುವ ಐದಾರು ದಿನ ರಜೆ. ನೂರೆಪ್ಪತ್ತು ವರ್ಷ ಹಿಂದಿರುವ ನಿಮಗೆ ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಶಾಂಭವಿ ಹೂಗಾರ, ವೇಳೆಗಾರ್ತಿ. ಕಟ್ಟಡದ ವಿನ್ಯಾಸದಲ್ಲಿ ಯಾರು ಯಾವ ಕೆಲಸ ಯಾವಾಗ ಮುಗಿಸಬೇಕೆಂದು ಗೊತ್ತುಮಾಡುವವಳು. ನಮ್ಮಲ್ಲಿ ವಾಸ್ತುಶಿಲ್ಪಿ, ಎಂಜಿನಿಯರ್, ನೀರು-ಕರೆಂಟಿನವರು ಎಲ್ಲರೂ ಬರೆಯುವುದು ಒಂದೇ ಕೂಡುಹಾಳೆಯ ಮೇಲೆ. ಅದು ಗೋಡೆಯಗಲದ ಬೆಳಕಿನ ಹಾಳೆ. ಒಬ್ಬರು ಗೋಡೆ ಸರಿಸಿದರೆ, ಅದಕ್ಕೆ ಅಡ್ಡಬರುವ ಇನ್ನೊಬ್ಬರ ಪೈಪು ತಕ್ಷಣ ಕೆಂಪಗಾಗುತ್ತದೆ. ಇದರಿಂದ ಜಗಳ ಕಡಿಮೆಯಾಗಿದೆ. ಅದನ್ನೇ ನಂಬಿ ನಾನು ಮೈಮರೆತೆ.

ಒಂದು ಹೆರಿಗೆ ಆಸ್ಪತ್ರೆಯ ನಕ್ಷೆಗೆ ಹದಿನೆಂಟು ವಾರ ಕೊಟ್ಟಿದ್ದೆ. ಮಳೆಗಾಲಕ್ಕೆ ಮುಂಚೆ ಪಾಯ ತೋಡಬೇಕಿತ್ತು. ಹಾಳೆಯಲ್ಲಿ ಕೆಂಪು ಎಲ್ಲೂ ಉಳಿದಿರಲಿಲ್ಲ. ಕೊನೆಯ ವಾರ, ಶಾಸ್ತ್ರಕ್ಕೆಂಬಂತೆ, ಹಳೆಯ ಆಸ್ಪತ್ರೆಯ ಹಿರಿಯ ನರ್ಸ್ ನೀಲವ್ವ ಕುಂಬಾರ ಅವರನ್ನು ಕರೆಸಿದೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿ, "ನನಗ ಇದು ತಿಳಿಯಂಗಿಲ್ರಿ. ನೆಲದ ಮ್ಯಾಲ ಗೆರಿ ಹೊಡದು ತೋರಸ್ರಿ" ಎಂದರು.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ನಿಜವಾದ ಅಳತೆಯಲ್ಲೇ ಗೆರೆ ಎಳೆದೆವು. ನೀಲವ್ವ ನನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಹೆರಿಗೆ ಕೋಣೆಯಿಂದ ಆಪರೇಷನ್ ಥಿಯೇಟರಿನ ಕಡೆಗೆ ತಳ್ಳಿದರು. ಒಂದು ಕಂಬದ ಗುರುತಿನ ಬಳಿ ಗೆರೆ ತುಳಿಯದೆ ಸ್ಟ್ರೆಚರ್ ತಿರುಗಲಿಲ್ಲ. ಹಿಂದೆ, ಮುಂದೆ, ಮತ್ತೆ ಹಿಂದೆ.

"ಇಷ್ಟರಾಗ ತಾಯಿ ಮೈಯಾಗಿನ ರಕ್ತ ಹರದು ಹೋಗಿರ್ತೈತ್ರಿ" ಎಂದರು ಅವರು, ದನಿ ಏರಿಸದೆ.

ಎಂಜಿನಿಯರ್ ಇರ್ಫಾನ್ ಮುಜಾವರ ಮುಖ ಬಿಗಿಯಿತು. "ಈಗ ಕಂಬ ಸರಸಂದ್ರ ಮೂರೂ ಮಹಡಿ ಮತ್ತ ಲೆಕ್ಕ ಹಾಕಬೇಕು. ಇವರನ್ನ ಮೊದಲ ಯಾಕ ಕರೀಲಿಲ್ಲ?"

"ತಪ್ಪು ನಂದ ಐತಿ" ಎಂದೆ, ಮಲಗಿದಲ್ಲಿಂದಲೇ. ಮೇಲೆ ಬಿಸಿಲು; ಕಣ್ಣು ಮುಚ್ಚಿಕೊಂಡೆ.

ಕಂಬ ಸರಿಸಲು ಇನ್ನೂ ಆರು ವಾರ ಕೇಳಿದೆ. ಮೇಲಿನವರು ಬೈದರು, ಆದರೆ ಕೊಟ್ಟರು. ಪ್ರತಿ ಸೋಮವಾರ ನೀಲವ್ವ ಬಂದರು. ಮೂರನೆಯ ವಾರದ ಹೊತ್ತಿಗೆ ಇರ್ಫಾನರೇ ಸುಣ್ಣದ ಬುಟ್ಟಿ ಹಿಡಿದು ಅವರನ್ನು ಕಾಯುತ್ತಿದ್ದರು. ಅಷ್ಟರಲ್ಲಿ ಮಳೆ ಹಿಡಿದು ಪಾಯದ ಕೆಲಸ ಮುಂದೆ ಹೋಯಿತು. ಆಸ್ಪತ್ರೆ ಐದು ತಿಂಗಳು ತಡವಾಗಿ ತೆರೆಯಿತು. ಮೊದಲ ವರ್ಷ ರಕ್ತಸ್ರಾವವೆಂದು ಆ ದಾರಿಯಲ್ಲಿ ಸ್ಟ್ರೆಚರ್ ಮೇಲೆ ತಳ್ಳಿಕೊಂಡು ಹೋದ ಹನ್ನೊಂದು ತಾಯಂದಿರೂ ಮನೆಗೆ ಮರಳಿದರು.

ನಿಮ್ಮ ಮೇಜಿನ ಮೇಲೆ ಈಗ ಯಾವುದೋ ನಕ್ಷೆ ಇರಬಹುದು. ಆ ಕಟ್ಟಡದಲ್ಲಿ ದಿನವೂ ಓಡಾಡಬೇಕಾದವರನ್ನು ಮೊದಲನೇ ವಾರವೇ ಕರೆಯಿರಿ, ಇದೊಂದೇ ನನ್ನ ಕೇಳಿಕೆ. ನೀವು ಕಟ್ಟಿದ ಎಷ್ಟೋ ಮನೆಗಳಲ್ಲಿ ನಾವಿನ್ನೂ ಬಾಳುತ್ತಿದ್ದೇವೆ. ಗಾಳಿ ಬೆಳಕು ಚೆನ್ನಾಗಿದೆ.

ನಿಮ್ಮ,
ಶಾಂಭವಿ