ಕೆಂಪು ಟವೆಲ್ಲಿನ ಮುದುಕನನ್ನು ಗಾಡಿಯೊಳಗೆ ಕೂರಿಸಿದ ಸಾಹೇಬರಿಗೆ

ಬೆಟ್ಟದ ರಸ್ತೆಗಳ ಮುಖ್ಯ ಅಧಿಕಾರಿಗಳಾದ ಮಾನ್ಯರೇ,

ನಿಮ್ಮ ಬೋರ್ಡಿನ ಮಾತು ಕೇಳಿ ನನ್ನ ಗಂಡ ಒಂದು ಪಾದ ಕಳೆದುಕೊಂಡರು. ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ವಿವರಣೆ. ಪುರುಸೊತ್ತಿಲ್ಲದಿದ್ದರೆ ತಾವು ಇಲ್ಲಿಗೇ ನಿಲ್ಲಿಸಬಹುದು. ನಿಮ್ಮ ಕಚೇರಿಗೆ ಬಂದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಹೇಳಿ ನನಗೆ ಹೊರಗಿನ ಬೆಂಚು ತೋರಿಸಿದರು. ಆ ಬೆಂಚಿಗೆ ಒಂದು ಕಾಲು ಗಿಡ್ಡ, ಕೆಳಗೆ ಮಡಿಸಿದ ಕಾಗದ ಇಟ್ಟಿದ್ದೀರಿ. ನನ್ನ ಅರ್ಜಿಯೇ ಇರಬೇಕೆಂದು ಬಗ್ಗಿ ನೋಡಿದೆ. ಅಲ್ಲ, ನನಗಿಂತ ಮುಂಚೆ ಬಂದ ಇನ್ಯಾರದೋ. ಹಾಗಾಗಿ ಎಲ್ಲರೂ ಓದುವ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ವಾಕ್ಯ ಅಲ್ಲಲ್ಲಿ ಸೊಟ್ಟಗಾಗಿದ್ದರೆ ನಿಮ್ಮ ರಸ್ತೆಯನ್ನು ನೆನೆಸಿಕೊಂಡು ಸಹಿಸಿಕೊಳ್ಳಿ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೊನ್ನೆ ಹೂವಿನ ಕಾಲಕ್ಕೆ ಜೇನುಪೆಟ್ಟಿಗೆ ಸಾಗಿಸುವವರ ಸೊಸೆ ಬಂದಿದ್ದಳು. ನಾವೀಗ ನನ್ನ ಮೈದುನನ ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೇವೆ. ಅವರು ಕ್ಯಾರವಾನಿನ ಟೈರು ಬದಲಾಯಿಸಲು ಬಂದವರು ಒಳಗೆ ಬಂದು ಕೂತರು. ಬೆಟ್ಟದ ಮೇಲೆ ಹೂವು ಬಿಡುವ ಕಾಲ ಹತ್ತಿರವಾಯಿತು, ಅವರು ಹತ್ತಲೇಬೇಕು. ಅವಳ ಗಂಡ ವ್ಯಾನು ಓಡಿಸುತ್ತಾನೆ, ಹಿಂದೆ ಕ್ಯಾರವಾನ್, ತಿರುವಿನಲ್ಲಿ ಅವಳು ಇಳಿದು ಮುಂದೆ ನಡೆಯುತ್ತಾಳೆ. ಆ ಹುಡುಗಿ ನನ್ನ ಯಜಮಾನರ ಕಾಲಿನ ಕಡೆ ನೋಡದ ಹಾಗೆ ಗೋಡೆ ನೋಡುತ್ತಾ ಕೇಳಿದಳು: “ದೊಡ್ಡಮ್ಮ, ಈ ಸಲ ಬೋರ್ಡು ಹೇಳಿದ ಹಾಗೆ ಒಳಗೇ ಕೂತ್ಕೊಳ್ಳಲಾ, ಇಳಿದು ನಡೀಲಾ?” ನನ್ನ ಬಾಯಿ ಕಟ್ಟಿಹೋದದ್ದನ್ನು ಮದುವೆಯಾದಾಗಿನಿಂದ ನೋಡಿರಲಿಲ್ಲ ಎಂದು ಯಜಮಾನರು ಆಮೇಲೆ ಹೇಳಿದರು. ಬೋರ್ಡು ನಿಮ್ಮದು, ಉತ್ತರವೂ ನಿಮ್ಮದೇ ಆಗಬೇಕಲ್ಲವೇ?

ಕ್ಯಾರವಾನ್ ಎಂದರೆ ತಮಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಮೋಜಿನ ಗಾಡಿ ಎನ್ನಿಸಬಹುದು. ನಮಗೆ ಅದೇ ಮನೆ, ಅದೇ ಅಂಗಡಿ. ಯಜಮಾನರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಕೆಟ್ಟ ಯಂತ್ರಗಳು ವರ್ಷವಿಡೀ ಬಟ್ಟೆ ಹೊದ್ದುಕೊಂಡು ನಮ್ಮ ದಾರಿ ಕಾಯುತ್ತವೆ. ಜೀಪು ಓಡಿಸುವುದು ನಾನು. ಯಜಮಾನರಿಗೆ ಗೇರು ಬದಲಾಯಿಸುವಾಗಲೂ ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಬೇಕು, ಆ ಕೈಗೆ ಬೆಟ್ಟದ ರಸ್ತೆ ಕೊಡಲಾಗುವುದಿಲ್ಲ. ಅವರ ಕೆಲಸ ತಿರುವಿನಲ್ಲಿ. ಜೀಪು ತಿರುಗಿದ ಜಾಡಿನಲ್ಲೇ ಕ್ಯಾರವಾನ್ ತಿರುಗುವುದಿಲ್ಲ ಸ್ವಾಮಿ, ಒಳಬದಿಯನ್ನು ಕತ್ತರಿಸಿಕೊಂಡು ಬರುತ್ತದೆ. ಬಂಡೆಗೆ ಉಜ್ಜಬಾರದೆಂದರೆ ನಾನು ಜೀಪನ್ನು ರಸ್ತೆಯ ಆ ಅಂಚಿನವರೆಗೂ ಒಯ್ದು ತಿರುಗಿಸಬೇಕು. ಅಂದರೆ ಅಷ್ಟು ಹೊತ್ತು ಇಡೀ ರಸ್ತೆ ನನ್ನದು. ಎದುರಿನಿಂದ ಬರುವವನಿಗೆ ಅದನ್ನು ಯಾರಾದರೂ ಮೊದಲೇ ಹೇಳಬೇಕು. ಅದಕ್ಕೇ ಯಜಮಾನರು ತಿರುವಿಗೆ ಮುಂಚೆ ಇಳಿದು, ಆ ಬದಿಗೆ ನಡೆದು, ಕೆಂಪು ಟವೆಲ್ ಅಡ್ಡ ಹಿಡಿದು ನಿಲ್ಲುತ್ತಿದ್ದರು. ಬಸ್ಸಿನವರು, ಲಾರಿಯವರು ಅವರಿಗೆ ಕೆಂಪು ಟವೆಲ್ ಅಜ್ಜ ಎಂದೇ ಹೆಸರಿಟ್ಟಿದ್ದರು. ದೂರದಲ್ಲೇ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು, ನಾನು ದಾಟಿದ ಮೇಲೆ ಹೊರಡುತ್ತಿದ್ದರು. ಬೆಟ್ಟಕ್ಕೆ ಕ್ಯಾರವಾನ್ ಎಳೆಯುವ ಎಲ್ಲ ಮನೆಗಳಲ್ಲೂ ಒಬ್ಬರು ಓಡಿಸುವವರು, ಒಬ್ಬರು ನಡೆಯುವವರು. ಹೆಣ್ಣು ನೋಡಲು ಹೋದಾಗಲೂ ಹುಡುಗಿ ಹಿಂದಕ್ಕೆ ನೋಡುತ್ತಾ ನಡೆಯಬಲ್ಲಳೇ ಎಂದು ಕೇಳುವ ಜನ ನಾವು.

ಇದು ತಮ್ಮ ಕಣ್ಣಿಗೆ ಅನಾಗರಿಕವಾಗಿ ಕಂಡಿತು. ಒಬ್ಬ ಬೈಕಿನವನು ತಿರುವಿನಲ್ಲಿ ಬಂದು ನಡೆಯುವವರೊಬ್ಬರಿಗೆ ಗುದ್ದಿದ ಮೇಲೆ ತಾವು ಆಲೋಚಿಸಿದಿರಿ. ಆಲೋಚಿಸಲಿಲ್ಲ ಎಂದು ನಾನು ಹೇಳುವುದಿಲ್ಲ, ಗುದ್ದಿದ್ದು ನಿಜ, ಅವರ ಸೊಂಟ ಮುರಿದದ್ದೂ ನಿಜ. ಆದರೆ ತಾವು ನಿಲ್ಲಿಸಿದ್ದು ಯಾರನ್ನು? ಹಾರಿಕೊಂಡು ಬರುವ ಬೈಕಿನವನನ್ನಲ್ಲ, ನಡೆಯುವವರನ್ನು! ಬೆಟ್ಟದ ಬುಡದಲ್ಲಿ ಮನೆಯಷ್ಟು ಎತ್ತರದ ಬೋರ್ಡು ಎದ್ದಿತು: ತಿರುವುಗಳಲ್ಲಿ ಯಾರೂ ವಾಹನದಿಂದ ಇಳಿಯತಕ್ಕದ್ದಲ್ಲ, ಕನ್ನಡಿಗಳನ್ನು ಅನುಸರಿಸತಕ್ಕದ್ದು. ಪ್ರತಿ ತಿರುವಿಗೂ ಹೊಟ್ಟೆ ಉಬ್ಬಿದ ಒಂದು ಕನ್ನಡಿ. ಇಷ್ಟೇ ಆಗಿದ್ದರೂ ಬಚಾವಾಗುತ್ತಿದ್ದೆವೇನೋ. ಅದೇ ಉತ್ಸಾಹದಲ್ಲಿ, ವಾಹನಗಳು ಬದಿಗೆ ಸರಿದು ದಾರಿ ಬಿಡುವ ಜಾಗಗಳನ್ನೆಲ್ಲ ತಾವು ವೀಕ್ಷಣಾ ಕಟ್ಟೆಗಳಾಗಿ ಪರಿವರ್ತಿಸಿದಿರಿ. ಸುತ್ತ ಕಾಂಕ್ರೀಟಿನ ಹೂತೊಟ್ಟಿ, ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು ಹೃದಯದ ಆಕಾರದ ಚೌಕಟ್ಟು. ಪ್ರವಾಸಿಗರ ಹೃದಯ ತುಂಬಿತು. ನಮ್ಮ ಗಾಡಿಗೆ ಸರಿಯಲು ಜಾಗವಿಲ್ಲದಾಯಿತು.

ಬೋರ್ಡು ಬಂದ ಮೇಲೆ ನಾವು ಮೊದಲ ಸಲ ಹತ್ತಿದಾಗ, ಬುಡದ ಗೇಟಿನಲ್ಲಿ ನಿಮ್ಮ ಕಾವಲುಗಾರ ಯಜಮಾನರ ಟವೆಲ್ ನೋಡಿ ನಕ್ಕ. “ಅಜ್ಜ, ಇನ್ಮೇಲೆ ಆರಾಮಾಗಿ ಒಳಗೆ ಕೂತ್ಕೊಂಡು ಬೆಟ್ಟ ನೋಡಿ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಯಜಮಾನರು ಕೂತರು. ಮೊದಲ ತಿರುವಿನಿಂದಲೇ ಅವರಿಗೆ ಚಡಪಡಿಕೆ. ಟವೆಲ್ಲನ್ನು ಮಡಿಲಲ್ಲಿ ಮಡಿಸುವುದು, ಬಿಚ್ಚುವುದು. ಸುಮ್ಮನೆ ಕೂತುಕೊಳ್ಳಿ, ಕಾನೂನು ಎಂದರೆ ಕಾನೂನು ಎಂದು ಗದರಿದವಳು ನಾನೇ. ತಾವು ಅಲ್ಲಿದ್ದಿದ್ದರೆ ನನ್ನನ್ನು ಮೆಚ್ಚಿಕೊಂಡಿರುತ್ತಿದ್ದಿರಿ.

ಮೇಲಿನ ಬಿಗಿ ತಿರುವಿಗೆ ಬರುವಷ್ಟರಲ್ಲಿ ಮಂಜು ಇಳಿದಿತ್ತು, ಕನ್ನಡಿ ಬೆವರಿತ್ತು. ಅದರೊಳಗೆ ಬೆಂಕಿಪೊಟ್ಟಣದಷ್ಟು ಏನೋ ಒಂದು ಕಂಡಿತು, ಬಹಳ ದೂರದಲ್ಲಿ. ನಾನು ಜೀಪನ್ನು ಹೊರಗಿನ ಅಂಚಿಗೆ ಒಯ್ದೆ. ಆ ಬೆಂಕಿಪೊಟ್ಟಣ ಪ್ರವಾಸಿ ಬಸ್ಸಾಗಿ ನನ್ನ ಮೂಗಿನೆದುರಿಗೇ ಬಂದು ನಿಂತಿತು. ಕನ್ನಡಿ ಬರುವವರನ್ನು ತೋರಿಸುತ್ತದೆ ಸ್ವಾಮಿ, ಅವರನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಕೈಯಿಲ್ಲ. ಹತ್ತುವವರಿಗೆ ದಾರಿ ಬಿಡಬೇಕು, ಇಳಿಯುವವರು ಹಿಂದೆ ಸರಿಯಬೇಕು, ಇದು ರೂಢಿ. ಬಸ್ಸಿನ ಡ್ರೈವರಿಗೂ ಅದು ಗೊತ್ತಿತ್ತು, ಪಾಪ. ಆದರೆ ಅವನ ಹಿಂದೆ ಸರಿಯುವ ಜಾಗ ಇದ್ದಲ್ಲಿ ಈಗ ನಿಮ್ಮ ಹೂತೊಟ್ಟಿ, ಕಾರುಗಳು, ಹೃದಯ. ಅವನು ಕಿಟಕಿಯಿಂದ ಕೈಮುಗಿದ. ಸರಿ, ನಾನೇ ಹಿಂದೆ ಹೋಗಬೇಕಾಯಿತು. ಇಳಿಜಾರಿನಲ್ಲಿ, ಬೆನ್ನ ಹಿಂದೆ ಕ್ಯಾರವಾನ್ ಇಟ್ಟುಕೊಂಡು, ಏನೂ ಕಾಣದೆ.

ಯಜಮಾನರು ನಿಯಮ ಮುರಿದು ಇಳಿದದ್ದು ಆಗಲೇ. ಚಕ್ರ ಉರುಳದಂತೆ ಇಡುವ ಮರದ ಅಡ್ಡೆ ಹಿಡಿದು ಹಿಂದಕ್ಕೆ ಹೋದರು. ನಮ್ಮಲ್ಲಿ ಒಂದು ಕ್ರಮ ಇದೆ: ಕ್ಯಾರವಾನಿನ ಮೈಗೆ ಒಂದು ಏಟು ಬಡಿದರೆ ಹಿಂದಕ್ಕೆ ಬಾ, ಎರಡು ಬಡಿದರೆ ನಿಲ್ಲು. ಬಾಯಿಮಾತು ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ, ತಗಡಿನ ಸದ್ದು ಬೆನ್ನಿಗೇ ಬಂದು ತಾಕುತ್ತದೆ. ಒಂದು ಏಟು, ಬಂದೆ. ಒಂದು ಏಟು, ಬಂದೆ. ಎರಡು ಏಟು, ನಿಂತೆ. ಅವರು ಚಕ್ರಕ್ಕೆ ಅಡ್ಡೆ ಇಡಲು ಬಗ್ಗಿದರು. ಅಷ್ಟರಲ್ಲಿ ಬಸ್ಸಿನವರು, ಕಟ್ಟೆಯವರು ಎಲ್ಲ ಸುತ್ತ ನೆರೆದಿದ್ದರು. ಟೋಪಿ ಹಾಕಿದ ಪ್ರವಾಸಿಯೊಬ್ಬರು ಇಷ್ಟು ಹೊತ್ತೂ ನಮ್ಮ ಏಟುಗಳನ್ನು ಗಮನಿಸಿದ್ದರಂತೆ. ಮುದುಕರೊಬ್ಬರೇ ಕಷ್ಟಪಡುತ್ತಿದ್ದಾರೆ, ಇನ್ನೂ ಜಾಗ ಇದೆಯಲ್ಲ ಎಂದುಕೊಂಡು, ಆಚೆ ಬದಿಯಿಂದ, ಉಪಕಾರ ಮಾಡುವ ಹಾಗೆ, ತಗಡಿಗೆ ಒಂದು ಏಟು ಬಡಿದರು.

ಬಂದೆ.

ಟೋಪಿಯವರು ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ತಲೆಯಿಟ್ಟು ಅತ್ತರು. ಅವರ ಮೇಲೆ ನನಗೆ ಕೋಪವಿಲ್ಲ. ಅವರ ಕೈಗೆ ಹೇಗೆ ಗೊತ್ತಾಗಬೇಕು? ಹಿಂದಕ್ಕೆ ಬಿಟ್ಟದ್ದು ನಾನು, ಅದನ್ನು ನಾನು ಅಲ್ಲಗಳೆಯುವುದಿಲ್ಲ, ಕ್ಯಾರವಾನ್ ಮೃದುವಾದದ್ದರ ಮೇಲೆ ಹತ್ತಿದ್ದು ಬೆನ್ನಿಗೆ ಇವತ್ತಿಗೂ ತಿಳಿಯುತ್ತದೆ. ನನ್ನ ಪಾಲು ನಾನು ಹೊರುತ್ತೇನೆ, ಟೋಪಿಯವರು ತಮ್ಮ ಪಾಲು ಹೊತ್ತುಕೊಂಡು ಊರಿಗೆ ಹೋದರು. ತಮ್ಮ ಪಾಲು ಎಲ್ಲಿದೆ, ಮಾನ್ಯರೇ?

ನಿಮ್ಮ ವರದಿಯಲ್ಲಂತೂ ಇಲ್ಲ. ವಿಚಾರಣೆಗೆ ಕರೆದ ಕಿರಿಯ ಅಧಿಕಾರಿ ಎಸಿ ಕೋಣೆಯಲ್ಲಿ ನನಗೆ ನೀರು ಕೊಟ್ಟು, ಕನ್ನಡಿ ಇತ್ತಲ್ಲ ಅಜ್ಜಿ ಎಂದು ಕೇಳಿದ. ಇತ್ತು ಎಂದೆ. ನಿಯಮ ಗೊತ್ತಿತ್ತಲ್ಲ ಎಂದ. ಗೊತ್ತಿತ್ತು, ಅದಕ್ಕೇ ಅವರು ಒಳಗೆ ಕೂತಿದ್ದರು ಎಂದೆ. ಆಮೇಲೆ ಇಳಿದರಲ್ಲ ಎಂದ. ಹೀಗೆ ತೀರ್ಮಾನವಾಯಿತು: ಗಾಯಾಳು ನಿಷೇಧಿತ ಸ್ಥಳದಲ್ಲಿ ವಾಹನದಿಂದ ಇಳಿದದ್ದೇ ಅಪಘಾತಕ್ಕೆ ಕಾರಣ, ಚಾಲಕಿಯ ನಿರ್ಲಕ್ಷ್ಯ ಅದಕ್ಕೆ ಪೂರಕ. ಕ್ಯಾರವಾನ್ ಎಳೆಯುವ ನನ್ನ ಪರವಾನಗಿ ಅಮಾನತಾಗಿದೆ. ಹೂತೊಟ್ಟಿಗಳ ವಿಷಯ ಒಂದಕ್ಷರವಿಲ್ಲ. ನೆಟ್ಟ ಗಿಡಗಳು ಚೆನ್ನಾಗಿ ಬರುತ್ತಿವೆ ಎಂದು ಕೇಳಿದ್ದೇನೆ, ಸಂತೋಷ.

ಯಜಮಾನರು ನನ್ನ ಹಾಗಲ್ಲ. ಅವರಿಗೆ ಕೋಪ ಬರುವುದಿಲ್ಲ, ಅದೇ ನನಗೆ ಕೋಪ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹೊದಿಕೆಯ ಕೊನೆ ನೋಡಿ, “ಹೋಗ್ಲಿ ಬಿಡೇ, ಇನ್ಮೇಲೆ ಚಪ್ಪಲಿ ಒಂದೇ ಸವೆಯುತ್ತೆ” ಎಂದರು. ಈಗ ಟೈರ್ ಅಂಗಡಿಯ ಹಿಂದೆ, ರಬ್ಬರಿನ ವಾಸನೆಯಲ್ಲಿ ಕೂತು, ಮೈದುನನ ಹೆಂಡತಿಯ ಹಳೆಯ ಯಂತ್ರವನ್ನು ಒಂದೇ ಕಾಲಿನಲ್ಲಿ ತುಳಿದು ನೋಡುತ್ತಾರೆ. ಹೊಲಿಗೆ ನೇರವಾಗಿಯೇ ಬೀಳುತ್ತದೆ. ಎದ್ದು ನಿಲ್ಲಬೇಕಾದಾಗ ಮಾತ್ರ ಯಂತ್ರದ ಮೈಗೆ ಎರಡು ಏಟು ಬಡಿಯುತ್ತಾರೆ. ನಾನು ಎಲ್ಲಿದ್ದರೂ ಬಂದು ಹೆಗಲು ಕೊಡುತ್ತೇನೆ.

ಈಗ ನನ್ನ ಬೇಡಿಕೆ. ಹೂತೊಟ್ಟಿಗಳನ್ನು ತೆಗೆಸಿ, ಸರಿಯುವ ಜಾಗಗಳನ್ನು ಗಾಡಿಗಳಿಗೆ ವಾಪಸ್ಸು ಕೊಡಿ. ಕನ್ನಡಿಗಳು ಇರಲಿ, ತಲೆ ಬಾಚಿಕೊಳ್ಳುವವರಿಗಾದರೂ ಆಗುತ್ತವೆ. ಕ್ಯಾರವಾನ್ ಎಳೆಯುವವರ ಮುಂದೆ ಒಬ್ಬರು ನಡೆಯಬಹುದು, ಅವರು ಟವೆಲ್ ಹಿಡಿದಲ್ಲಿ ಎಂಥ ವಾಹನವೂ ನಿಲ್ಲಬೇಕು ಎಂದು ಅದೇ ಬೋರ್ಡಿನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ. ನನ್ನ ಪರವಾನಗಿಯ ಮಾತು ಆಮೇಲೆ ನೋಡಿಕೊಳ್ಳೋಣ. ಹೂವು ಬಿಡುವ ಮುಂಚೆ ಇದಾಗಬೇಕು, ಯಾಕೆಂದರೆ ಹೂವು ನಿಮ್ಮ ಮೀಟಿಂಗ್ ಮುಗಿಯಲೆಂದು ಕಾಯುವುದಿಲ್ಲ.

ತಾವು ಸುಮ್ಮನಿದ್ದರೆ ಜೇನಿನವರ ಸೊಸೆಗೆ ನಾನೇ ಉತ್ತರ ಹೇಳುತ್ತೇನೆ. ನೀನು ಒಳಗೇ ಕೂತುಕೋ ಮಗಳೇ, ಮುಂದೆ ನಾನು ನಡೆಯುತ್ತೇನೆ ಎನ್ನುತ್ತೇನೆ. ಕೇಸು ಬೀಳುವುದಿದ್ದರೆ ನನ್ನ ಮೇಲೇ ಬೀಳಲಿ. ಓಡಿಸುವ ಪರವಾನಗಿ ಕಿತ್ತುಕೊಂಡಿದ್ದೀರಿ, ನಡೆಯುವುದಕ್ಕೆ ಪರವಾನಗಿ ಕೊಡುವ ಕಚೇರಿ ಇನ್ನೂ ತೆರೆದಿಲ್ಲ. ಟವೆಲ್ ಒಗೆದು ಇಟ್ಟಿದ್ದೇನೆ. ಕೆಂಪು ಬಟ್ಟೆಯಾದ್ದರಿಂದ ಅವತ್ತಿನ ಕಲೆ ಅಷ್ಟಾಗಿ ಕಾಣುವುದಿಲ್ಲ. ನನ್ನನ್ನು ಹಿಡಿದುಕೊಂಡು ಹೋಗಲು ತಾವೇ ಕಾರಿನಲ್ಲಿ ಬರುವುದಾದರೆ ಬನ್ನಿ. ತಿರುವಿಗೆ ಮುಂಚೆ ನಿಧಾನ ಮಾಡಿ ಎಂದು ಡ್ರೈವರಿಗೆ ಹೇಳಿ. ನಿಮ್ಮನ್ನು ನಿಲ್ಲಿಸಲು ಅಲ್ಲಿ ಒಬ್ಬಳು ಇರುತ್ತಾಳೆ.

ಇಂತಿ,
ಒಮ್ಮೆ ನಿಮ್ಮ ಮಾತು ಕೇಳಿದ ತಪ್ಪಿಗೆ
ಗಂಡನ ಎರಡನೆಯ ಕಾಲಾಗಿರುವ
ಕ್ಯಾರವಾನ್ ಅಜ್ಜಿ